ಯಾರೂ ಸಾಯದ ಕುಸಿತಗಳ ಲೆಕ್ಕ

2023ರ ಆಗಸ್ಟ್ 31, ಗುರುವಾರ. ಇಂಗ್ಲೆಂಡಿನಲ್ಲಿ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯಲು ಇನ್ನು ನಾಲ್ಕಾರು ದಿನವಷ್ಟೇ ಉಳಿದಿತ್ತು. ಅಂದು ಅಲ್ಲಿನ ಶಿಕ್ಷಣ ಇಲಾಖೆ 104 ಶಾಲೆ, ಕಾಲೇಜುಗಳಿಗೆ ಸೂಚನೆ ಕಳಿಸಿತು: ಆರ್‌ಎಎಸಿ ಎಂಬ ಹಗುರ ಕಾಂಕ್ರೀಟಿನ ಚಾವಣಿ ಇರುವ ಕೊಠಡಿಗಳಿಗೆ ಬೀಗ ಹಾಕಿ, ಆಸರೆ ಕೊಡುವವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಮುಖ್ಯೋಪಾಧ್ಯಾಯರು ಟೆಂಟು, ತಾತ್ಕಾಲಿಕ ಕ್ಯಾಬಿನ್, ಪಕ್ಕದ ಶಾಲೆಯ ಖಾಲಿ ಕೊಠಡಿ ಎಂದು ಹುಡುಕಾಟಕ್ಕೆ ಬಿದ್ದರು. ಕೆಲವೆಡೆ ಮಕ್ಕಳು ಕೋವಿಡ್ ಕಾಲದಂತೆ ಮತ್ತೆ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತರು.

ದಶಕಗಳಿಂದ ನಿಂತಿದ್ದ ಚಾವಣಿಗಳು ಆ ಒಂದು ಗುರುವಾರ ಶಿಥಿಲವಾದದ್ದಲ್ಲ. ಅವುಗಳ ದೋಷ ಎಂಜಿನಿಯರುಗಳಿಗೆ ಕಾಲು ಶತಮಾನದಿಂದ ಗೊತ್ತಿತ್ತು, ಸರಕಾರಕ್ಕೆ ಕಡಿಮೆಯೆಂದರೂ ಐದು ವರ್ಷದಿಂದ. ಗೊತ್ತಿದ್ದೂ ಕಡತ ಏಕೆ ಮುಂದಕ್ಕೆ ಹೋಗಲಿಲ್ಲ ಎಂಬುದೇ ಈ ಪ್ರಕರಣದಲ್ಲಿ ಹಿಂತಿರುಗಿ ನೋಡಬೇಕಾದ ಸಂಗತಿ. ಉತ್ತರ ಸರಳವಾಗಿದೆ. ಕುಸಿದ ಶಾಲಾ ಚಾವಣಿಗಳ ಅಡಿಯಲ್ಲಿ ಯಾವ ಮಗುವೂ ಸಾಯಲಿಲ್ಲ. ಸಾವಿಲ್ಲದ ಅವಘಡದಿಂದ ಸುತ್ತೋಲೆ ಬರುತ್ತದೆ, ಹಣ ಬರುವುದಿಲ್ಲ. ಅದೃಷ್ಟ ಕೈಹಿಡಿದ ಪ್ರತಿ ಸಲವೂ ಅದನ್ನು ಸುರಕ್ಷತೆ ಎಂದೇ ಜಮಾ ಮಾಡಿಕೊಂಡ ಆಡಳಿತದ ಕಥೆ ಇದು.

ಆರ್‌ಎಎಸಿ ಎಂದರೆ ರೀಇನ್‌ಫೋರ್ಸ್ಡ್ ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್. ಕಂಬಿ ಕಟ್ಟಿ, ಗಾಳಿ ತುಂಬಿ, ಹಬೆಯಲ್ಲಿ ಬೇಯಿಸಿದ ಕಾಂಕ್ರೀಟ್. ಇದರ ಮೂಲ 1920ರ ದಶಕದ ಸ್ವೀಡನ್. ವಾಸ್ತುಶಿಲ್ಪಿ ಆಕ್ಸೆಲ್ ಎರಿಕ್ಸನ್ ರೂಪಿಸಿದ ಈ ವಿಧಾನದಲ್ಲಿ ಜಲ್ಲಿಗೆ ಜಾಗವೇ ಇಲ್ಲ. ಸಿಮೆಂಟು, ಸುಣ್ಣ, ನುಣ್ಣನೆಯ ಮರಳು ಅಥವಾ ಹಾರುಬೂದಿಯ ಹಿಟ್ಟಿಗೆ ಚಿಟಿಕೆ ಅಲ್ಯುಮಿನಿಯಂ ಪುಡಿ ಬೆರೆಸಿದರೆ ಜಲಜನಕದ ಗುಳ್ಳೆಗಳು ಎದ್ದು ಮಿಶ್ರಣ ಉಬ್ಬುತ್ತದೆ. ಅದನ್ನು ಬೇಕಾದ ಅಳತೆಯ ಹಲಗೆಗಳಾಗಿ ಕೊಯ್ದು, ಹೆಚ್ಚಿನ ಒತ್ತಡದ ಹಬೆಯಲ್ಲಿ ಸುಮಾರು 180–190 ಡಿಗ್ರಿ ಶಾಖಕ್ಕೆ ಒಡ್ಡಿ ಗಟ್ಟಿ ಮಾಡುತ್ತಾರೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ತೂತು ತೂತಾಗಿ ಸೆಟ್ ದೋಸೆಯಂತೆ ಕಾಣುತ್ತದೆ.

ಅದರ ಗುಣವೂ ದೋಷವೂ ಆ ತೂತುಗಳಲ್ಲೇ ಇವೆ. ಮಾಮೂಲಿ ಕಾಂಕ್ರೀಟು ಘನಮೀಟರಿಗೆ ಸುಮಾರು 2,400 ಕಿಲೊ ತೂಗಿದರೆ ಇದು 500ರಿಂದ 700 ಕಿಲೊ. ಸಾಗಿಸುವುದು ಸುಲಭ, ಗರಗಸದಲ್ಲಿ ಕೊಯ್ಯಬಹುದು, ಶಾಖ ತಡೆಯುತ್ತದೆ, ಬೆಂಕಿಗೆ ಜಗ್ಗುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಅವಸರ ಅವಸರವಾಗಿ ಶಾಲೆ, ಆಸ್ಪತ್ರೆ ಕಟ್ಟಬೇಕಿದ್ದ ಬ್ರಿಟನ್ನಿಗೆ ಇದಕ್ಕಿಂತ ಬೇರೆ ಏನು ಬೇಕಿತ್ತು? 1950ರ ದಶಕದಲ್ಲಿ ಬಂದ ಈ ಹಲಗೆಗಳು 1990ರ ದಶಕದ ನಡುಭಾಗದವರೆಗೂ, ಹೆಚ್ಚಾಗಿ ಸಮತಟ್ಟಾದ ಚಾವಣಿಗಳಿಗೆ ಬಳಕೆಯಾದವು. ಅವುಗಳ ಬಾಳಿಕೆ 30 ವರ್ಷ ಎಂಬುದು ಸಾಮಾನ್ಯ ಅಂದಾಜು. 1965ರಲ್ಲಿ ಹಾಕಿದ ಹಲಗೆಯ ಆಯುಷ್ಯ 1995ಕ್ಕೇ ಮುಗಿದಿತ್ತು.

ಕೆಡುವ ಬಗೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಮಾಮೂಲಿ ಆರ್‌ಸಿಸಿಯಲ್ಲಿ ಕಾಂಕ್ರೀಟು ಕಂಬಿಯನ್ನು ಉದ್ದಕ್ಕೂ ಕಚ್ಚಿ ಹಿಡಿದಿರುತ್ತದೆ. ಅದರ ಕ್ಷಾರಗುಣವೇ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗುಳ್ಳೆ ಕಾಂಕ್ರೀಟಿಗೆ ಈ ಎರಡು ಶಕ್ತಿಯೂ ಸಾಲದು. ಹಾಗಾಗಿ ಕಂಬಿಗೆ ಮೊದಲೇ ಡಾಂಬರು ಅಥವಾ ಲ್ಯಾಟೆಕ್ಸ್ ಬೆರೆಸಿದ ಸಿಮೆಂಟಿನ ಲೇಪ ಹಚ್ಚುತ್ತಿದ್ದರು. ಹಿಡಿತಕ್ಕೆ ಹಲಗೆಯ ತುದಿಯಲ್ಲಿ ಅಡ್ಡಕಂಬಿ ಬೆಸುಗೆ ಹಾಕುತ್ತಿದ್ದರು. ಇಡೀ ಹಲಗೆಯ ಭದ್ರತೆ ನಿಂತಿರುವುದು ಆ ತುದಿಯ ಅಡ್ಡಕಂಬಿಯ ಮೇಲೆ. ಅದು ಗೋಡೆ ಅಥವಾ ತೊಲೆಯ ನೆತ್ತಿಗೆ ಸರಿಯಾಗಿ ಕೂತಿರಬೇಕು. ಕೆಲಸದ ಜಾಗದಲ್ಲಿ ಯಾರಾದರೂ ಹಲಗೆಯನ್ನು ಕೊಯ್ದು ಮೋಟು ಮಾಡಿದ್ದರೆ ಅಡ್ಡಕಂಬಿಯೇ ಹೋಗಿರುತ್ತದೆ; ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಹಲಗೆಯ ತುದಿ ಆಸರೆಯ ಮೇಲೆ 75 ಮಿಲಿಮೀಟರಿಗಿಂತ ಕಡಿಮೆ ಕೂತಿದ್ದರೆ ಅಪಾಯ ಹೆಚ್ಚು ಎಂಬುದು ಇಂದಿನ ಎಂಜಿನಿಯರುಗಳ ಲೆಕ್ಕ. ಆಗ ಅದಕ್ಕಿಂತ ಕಿರಿದಾದ ಆಸರೆಗಳನ್ನು ಧಾರಾಳವಾಗಿ ಕೊಟ್ಟಿದ್ದರು.

ಮೇಲೆ ಸಮತಟ್ಟು ತಾರಸಿ. ಎಲೆ ಕಟ್ಟಿಕೊಂಡ ಮೋರಿ, ನಿಂತ ಮಳೆನೀರು, ಬಿರುಕುಬಿಟ್ಟ ಡಾಂಬರು ಹಾಳೆ. ನೀರು ಇಳಿದರೆ ತೂತುಗಳು ಅದನ್ನು ಹೀರಿಕೊಳ್ಳುತ್ತವೆ, ಹಲಗೆಯ ತೂಕ ಏರುತ್ತದೆ, ಬಲ ಕುಂದುತ್ತದೆ, ಕಂಬಿಗೆ ತುಕ್ಕು ಹಿಡಿಯುತ್ತದೆ. ಮಾಮೂಲಿ ಕಾಂಕ್ರೀಟಿನಲ್ಲಿ ತುಕ್ಕು ಊದಿಕೊಂಡು ಗಾರೆಯನ್ನು ಸಿಡಿಸಿ ಹೊರಗೆ ಕಾಣಿಸಿಕೊಳ್ಳುತ್ತದೆ. ಇಲ್ಲಿ ಊದಿದ ತುಕ್ಕಿಗೆ ಗುಳ್ಳೆಗಳಲ್ಲೇ ಜಾಗ ಸಿಗುವುದರಿಂದ ಅದು ಒಳಗೇ ಉಳಿದುಬಿಡಬಹುದು. ಕೊನೆಗೆ ಹಲಗೆ ಬಾಗುತ್ತಾ ಹೋಗಿ ಎಚ್ಚರಿಸುವ ಬದಲು ತುದಿಯಲ್ಲಿ ಪಟ್ಟನೆ ಕತ್ತರಿಸಿ ಬೀಳುತ್ತದೆ.

ಈಗ ಕಾಲಾನುಕ್ರಮಕ್ಕೆ ಬರೋಣ. 1980ರ ದಶಕದಲ್ಲೇ ಕೆಲವು ಚಾವಣಿಗಳು ಅತಿಯಾಗಿ ಜಗ್ಗಿದ್ದು ಗಮನಕ್ಕೆ ಬಂದಿತ್ತು. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಬಿಆರ್‌ಇ 1996ರಲ್ಲಿ ಹಳೆಯ ಹಲಗೆಗಳ ಬಿರುಕು, ಜಗ್ಗು, ತುಕ್ಕಿನ ಬಗ್ಗೆ ವರದಿ ಕೊಟ್ಟಿತು, 2002ರಲ್ಲಿ ಮತ್ತೊಂದು. ಎರಡೂ ಎಂಜಿನಿಯರುಗಳ ಕಪಾಟು ಸೇರಿದವು. ಶಾಲೆಯ ಬೀಗದ ಕೈ ಯಾರ ಬಳಿ ಇತ್ತೋ ಅವರಿಗೆ ತಮ್ಮ ತಲೆಯ ಮೇಲಿರುವುದು ಏನೆಂದೇ ತಿಳಿದಿರಲಿಲ್ಲ.

2018ರ ಜುಲೈನಲ್ಲಿ ಕೆಂಟ್ ಪ್ರಾಂತ್ಯದ ಗ್ರೇವ್ಸೆಂಡ್‌ನಲ್ಲಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕರ ಕೊಠಡಿಯ ಚಾವಣಿ ಕುಸಿಯಿತು. ಬಿರುಕಿನ ಸೂಚನೆ ಕಂಡದ್ದು ಕೇವಲ 24 ಗಂಟೆ ಮೊದಲು. ಅಂದು ಶನಿವಾರ, ಒಳಗೆ ಯಾರೂ ಇರಲಿಲ್ಲ. ವಾರದ ನಡುವೆ ಬಿದ್ದಿದ್ದರೆ ಬ್ರಿಟನ್ನಿನ ಆಮೇಲಿನ ಐದು ವರ್ಷ ಬೇರೆಯೇ ಆಗಿರುತ್ತಿತ್ತು. ಶನಿವಾರ ಬಿದ್ದದ್ದರಿಂದ ಡಿಸೆಂಬರಿನಲ್ಲಿ ಶಾಲೆಗಳ ಒಡೆತನದ ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರ ಹೋಯಿತು, ಅಷ್ಟೆ. 2019ರ ಮೇನಲ್ಲಿ ಕಟ್ಟಡ ಸುರಕ್ಷತೆಯ ಮೇಲೆ ಕಣ್ಣಿಡುವ ಎಂಜಿನಿಯರುಗಳ ಸ್ಥಾಯಿ ಸಮಿತಿ ‘ಸ್ಕಾಸ್’, 1980ಕ್ಕೂ ಹಿಂದಿನ ಹಲಗೆಗಳು ಬಾಳಿಕೆ ಮೀರಿವೆ, ಬದಲಿಸುವ ಬಗ್ಗೆ ಯೋಚಿಸಿ ಎಂದು ಸಾರಿತು. 2021ರ ಬೇಸಿಗೆಯ ಹೊತ್ತಿಗೆ ಶಿಕ್ಷಣ ಇಲಾಖೆ ತನ್ನದೇ ಅಪಾಯದ ಪಟ್ಟಿಯಲ್ಲಿ ಶಾಲಾ ಕಟ್ಟಡ ಕುಸಿತವನ್ನು ಅತಿ ಗಂಭೀರ, ಸಂಭವವೂ ಹೆಚ್ಚು ಎಂಬ ಮಟ್ಟಕ್ಕೆ ಏರಿಸಿತ್ತು. 2022ರ ಮಾರ್ಚಿನಲ್ಲಿ ಶಾಲೆಗಳಿಗೆ ಪ್ರಶ್ನಾವಳಿ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರಕಾರಿ ಆಸ್ತಿಗಳ ಕಚೇರಿ, ಈ ವಸ್ತುವಿನ ಆಯುಷ್ಯ ಮುಗಿದಿದೆ, ಕುಸಿಯುವ ಸಂಭವವಿದೆ ಎಂದು ಬರೆದೇಬಿಟ್ಟಿತು. ಅಲ್ಲಿಂದಲೂ ಬೀಗ ಬೀಳಲು ಸುಮಾರು ಒಂದು ವರ್ಷ ಬೇಕಾಯಿತು.

ಬೀಗ ಹಾಕಿಸಿದ್ದು 2023ರ ಬೇಸಿಗೆಯಲ್ಲಿ ನಡೆದ ಕೆಲವು ಕುಸಿತಗಳು. ಅವುಗಳಲ್ಲಿ ಅಪಾಯವಿಲ್ಲ ಎಂದು ಎಣಿಸಿದ್ದ ಭಾಗವೂ ಇತ್ತು. ಅಲ್ಲಿಯವರೆಗೆ ಇಲಾಖೆ ಆರ್‌ಎಎಸಿ ಕಟ್ಟಡಗಳನ್ನು ‘ಗಂಭೀರ’, ‘ಗಂಭೀರವಲ್ಲ’ ಎಂದು ವಿಂಗಡಿಸಿ 52 ಕಡೆ ಮಾತ್ರ ಕ್ರಮ ಕೈಗೊಂಡಿತ್ತು. ಆ ವಿಂಗಡಣೆಯೇ ಹುಸಿ ಎಂದು ಗೊತ್ತಾದಾಗ ಉಳಿದ 104ರ ಬಾಗಿಲು ಮುಚ್ಚಿತು. ಕಡೆಗಳಿಗೆಯಲ್ಲಿ ಮುಚ್ಚಿಸಿದ್ದಕ್ಕೆ ಶಿಕ್ಷಣ ಸಚಿವೆ ಗಿಲಿಯನ್ ಕೀಗನ್ ಬೈಗುಳ ತಿಂದರು. ಮುಂದಿನ ಸೋಮವಾರ ಟಿವಿ ಸಂದರ್ಶನ ಮುಗಿಯಿತೆಂದುಕೊಂಡು, ಉಳಿದವರೆಲ್ಲ ಕೈಕಟ್ಟಿ ಕೂತಿದ್ದಾಗ ನಾನು ಕೆಲಸ ಮಾಡಿದೆ, ಅದಕ್ಕೆ ಒಬ್ಬರೂ ಶಹಬ್ಬಾಸ್ ಎನ್ನುವುದಿಲ್ಲ ಎಂಬರ್ಥದಲ್ಲಿ ಒರಟು ಮಾತಾಡಿದ್ದು ಮೈಕಿನಲ್ಲಿ ದಾಖಲಾಗಿ, ಕ್ಷಮೆ ಕೇಳಬೇಕಾಯಿತು. ಮಾತು ಒರಟಾಗಿತ್ತು, ನಿಜ. ಮುಚ್ಚಿಸುವ ನಿರ್ಧಾರ ಮಾತ್ರ ಸರಿಯಾಗಿತ್ತು. ಈ ಇಡೀ ಸರಣಿಯಲ್ಲಿ ಸಾವಿಗೆ ಕಾಯದೆ ಕೈಗೊಂಡ ದೊಡ್ಡ ನಿರ್ಧಾರ ಅದೊಂದೇ.

ಹಣದ ಲೆಕ್ಕ ಬಿಚ್ಚಿಟ್ಟದ್ದು ನಮ್ಮ ಸಿಎಜಿಯಂಥ ಅಲ್ಲಿನ ನ್ಯಾಷನಲ್ ಆಡಿಟ್ ಆಫೀಸ್. 2023ರ ಜೂನಿನ ಅದರ ವರದಿಯ ಪ್ರಕಾರ ದುರಸ್ತಿ, ಮರುನಿರ್ಮಾಣಕ್ಕೆ ವರ್ಷಕ್ಕೆ 530 ಕೋಟಿ ಪೌಂಡ್ ಬೇಕೆಂದು ಶಿಕ್ಷಣ ಇಲಾಖೆಯೇ ಅಂದಾಜಿಸಿತ್ತು. ಖಜಾನೆ ಕೊಟ್ಟದ್ದು ಸರಾಸರಿ 310 ಕೋಟಿ. 24,000 ಶಾಲಾ ಕಟ್ಟಡಗಳು, ಅಂದರೆ ಶೇ 38ರಷ್ಟು, ಮೂಲ ಬಾಳಿಕೆಯ ಅವಧಿ ದಾಟಿದ್ದವು. ಇಲಾಖೆಯ ಮಾಜಿ ಮುಖ್ಯ ಕಾರ್ಯದರ್ಶಿ ಜೋನಾಥನ್ ಸ್ಲೇಟರ್ ಆ ಸೆಪ್ಟೆಂಬರಿನಲ್ಲಿ ಬಾಯಿಬಿಟ್ಟರು: ವರ್ಷಕ್ಕೆ 300ರಿಂದ 400 ಶಾಲೆಗಳನ್ನು ಹೊಸದಾಗಿ ಕಟ್ಟಬೇಕಿತ್ತು, ನಾವು 200ಕ್ಕೆ ಕೇಳಿದೆವು, ಸಿಗುತ್ತಿದ್ದುದು 100ಕ್ಕೆ, ಆಮೇಲೆ ಅದೂ 50ಕ್ಕೆ ಇಳಿಯಿತು. ಆಗ ಖಜಾನೆಯ ಹೊಣೆ ರಿಷಿ ಸುನಕ್ ಅವರದ್ದಾಗಿತ್ತು. ಸ್ಲೇಟರ್ ಮಾತಾಡುವ ಹೊತ್ತಿಗೆ ಪ್ರಧಾನಿಯಾಗಿದ್ದ ಅವರು, ವರ್ಷಕ್ಕೆ 50 ಎಂಬುದು ಹಿಂದಿನ ದಶಕದ ಪ್ರಮಾಣವೇ ಎಂದು ಆರೋಪ ತಳ್ಳಿಹಾಕಿದರು. ಆ ಹಿಂದಿನ ದಶಕವೂ ಹೆಮ್ಮೆಪಡುವಂಥದ್ದಲ್ಲ. ಲೇಬರ್ ಸರಕಾರದ ಶಾಲಾ ಮರುನಿರ್ಮಾಣ ಯೋಜನೆಯನ್ನು 2010ರಲ್ಲಿ ಆಗಿನ ಶಿಕ್ಷಣ ಸಚಿವ ಮೈಕೆಲ್ ಗೋವ್ ರದ್ದು ಮಾಡಿದ್ದರು.

ಹಾಗಾದರೆ ಆಡಳಿತಗಳ ಸ್ವಭಾವವೇ ಹೀಗೆಯೇ? ಇಲ್ಲ ಎನ್ನಲು ಬ್ರಿಟನ್ನಿನ ಚರಿತ್ರೆಯೇ ಸಾಕ್ಷಿ. 1973ರ ಜೂನಿನಲ್ಲಿ ಲಂಡನ್ನಿನ ಕ್ಯಾಮ್ಡೆನ್ ಬಾಲಕಿಯರ ಶಾಲೆಯ ಸಭಾಂಗಣದ ಚಾವಣಿ ಕುಸಿಯಿತು. 1974ರ ಫೆಬ್ರುವರಿಯಲ್ಲಿ ಸ್ಟೆಪ್ನಿಯ ಶಾಲೆಯೊಂದರ ಈಜುಕೊಳದ ಚಾವಣಿ ಬಿತ್ತು. ಎರಡರಲ್ಲೂ ಹೈ ಅಲ್ಯುಮಿನಾ ಸಿಮೆಂಟಿನ ತೊಲೆಗಳಿದ್ದವು. ಬೇಗ ಗಟ್ಟಿಯಾಗುವ ಆ ಸಿಮೆಂಟು ಶಾಖ ಮತ್ತು ತೇವಕ್ಕೆ ಬಲ ಕಳೆದುಕೊಳ್ಳುತ್ತಿತ್ತು. ಆಗಲೂ ಸಾವು ಸಂಭವಿಸಿರಲಿಲ್ಲ. ಆದರೂ ದೇಶದಾದ್ಯಂತ ತಪಾಸಣೆ ನಡೆಯಿತು, ಕೆಲವೇ ವರ್ಷಗಳಲ್ಲಿ ಆ ಸಿಮೆಂಟು ಕಟ್ಟಡದ ಭಾರ ಹೊರುವ ಭಾಗಗಳಿಂದ ಹೊರಬಿತ್ತು. ಆ ಪೀಳಿಗೆಯ ಅಧಿಕಾರಿಗಳ ಕಣ್ಣ ಮುಂದೆ 1968ರ ಮೇ 16ರ ನೆನಪು ಇನ್ನೂ ಹಸಿಯಾಗಿತ್ತು. ಅಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ಹೊಸ ವಸತಿ ಕಟ್ಟಡದ ಒಂದು ಮೂಲೆ ಅಡುಗೆ ಅನಿಲ ಸ್ಫೋಟಿಸಿ ಕುಸಿದು ನಾಲ್ವರು ಸತ್ತಿದ್ದರು. ಅಂಥ ನೆನಪಿರುವ ಆಡಳಿತ ಸುತ್ತೋಲೆಯನ್ನು ಗಂಭೀರವಾಗಿ ಓದುತ್ತದೆ. ನೆನಪು ಮಾಸಿದ ಮೇಲೆ ಅದೇ ಸುತ್ತೋಲೆ ಕಡತಕ್ಕೆ ಸೇರುವ ಕಾಗದವಾಗುತ್ತದೆ.

2023ರ ಆಗಸ್ಟಿನ ನಂತರ ಏನಾಯಿತು ಎಂಬ ಲೆಕ್ಕದಲ್ಲಿ ಶಾಲೆಗಳ ಪಾಲು ತಕ್ಕಮಟ್ಟಿಗೆ ಸಮಾಧಾನಕರ. 2024ರ ಫೆಬ್ರುವರಿಯ ಅಂತಿಮ ಪಟ್ಟಿಯಲ್ಲಿ ಇಂಗ್ಲೆಂಡಿನ 234 ಶಾಲೆ, ಕಾಲೇಜುಗಳಲ್ಲಿ ಆರ್‌ಎಎಸಿ ಇರುವುದು ಖಚಿತವಾಯಿತು. ಅವುಗಳಲ್ಲಿ 119ಕ್ಕೆ ಮರುನಿರ್ಮಾಣ ಯೋಜನೆಯಲ್ಲಿ ಜಾಗ ಸಿಕ್ಕಿತು, 110ಕ್ಕೆ ಹಲಗೆ ತೆಗೆಸಲು ಅನುದಾನ. ಹೆಸರುಗಳ ಪಟ್ಟಿಯನ್ನು ಸಾರ್ವಜನಿಕರ ಮುಂದಿಟ್ಟದ್ದು ಒಳ್ಳೆಯ ಕೆಲಸ. ಪಾಲಕರಿಗೆ ಪ್ರಶ್ನೆ ಕೇಳುವ ಆಧಾರ ಸಿಕ್ಕಿತು.

ಆಸ್ಪತ್ರೆಗಳ ಲೆಕ್ಕ ಅಷ್ಟು ಹಗುರವಲ್ಲ. ಕಿಂಗ್ಸ್ ಲಿನ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಚಾವಣಿ ಬೀಳದಂತೆ ಸಾವಿರಾರು ಉಕ್ಕಿನ, ಮರದ ಆಸರೆಗಂಬಗಳನ್ನು ನಿಲ್ಲಿಸಿದ್ದಾರೆ. ನಮ್ಮಲ್ಲಿ ಮೋಲ್ಡ್ ಹಾಕುವಾಗ ಸೆಂಟ್ರಿಂಗ್‌ಗೆ ಕೊಡುವ ಜಾಕಿಗಳು ಮೂರ್ನಾಲ್ಕು ವಾರಕ್ಕೆ ತೆಗೆಯುವಂಥವು. ಅಲ್ಲಿ ಅವು ವರ್ಷಗಟ್ಟಲೆ ನಿಂತಿವೆ. ಅವುಗಳ ನಡುವೆಯೇ ದಾದಿಯರು ರೋಗಿಗಳನ್ನು ನೋಡಿಕೊಳ್ಳುತ್ತಾರೆ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸೇರಿದವರು ಬಹಳ ಮಂದಿ. ನಮ್ಮ ಓದುಗರಲ್ಲಿ ಕೆಲವರ ಮನೆಮಕ್ಕಳಿಗೂ ಇದು ನಿತ್ಯದ ನೋಟವಿರಬಹುದು. ಅತಿ ಹೆಚ್ಚು ಹಾನಿಗೊಳಗಾದ ಏಳು ಆಸ್ಪತ್ರೆಗಳನ್ನು 2030ರೊಳಗೆ ಹೊಸದಾಗಿ ಕಟ್ಟುತ್ತೇವೆ ಎಂದು 2023ರ ಮೇನಲ್ಲಿ ಸರಕಾರ ಮಾತು ಕೊಟ್ಟಿತ್ತು. ಸರಕಾರ ಬದಲಾಯಿತು, 2025ರ ಜನವರಿಯ ಪರಿಷ್ಕೃತ ವೇಳಾಪಟ್ಟಿಯಲ್ಲಿ ಅವುಗಳಿಗೆ ಮೊದಲ ಸಾಲಿನ ಜಾಗವೇನೋ ಉಳಿಯಿತು, ಮುಗಿಯುವ ದಿನಾಂಕ ಮಾತ್ರ 2030ರ ಆಚೆಗೆ ಜಾರಿತು.

ಹ್ಯಾರೋ ಕ್ರೌನ್ ನ್ಯಾಯಾಲಯ ಮುಚ್ಚಿತು, ರಂಗಮಂದಿರಗಳೂ ಮುಚ್ಚಿದವು. ಎಲ್ಲಕ್ಕಿಂತ ಕಹಿ ಉಂಡವರು ಸ್ಕಾಟ್ಲೆಂಡಿನ ಅಬರ್ಡೀನ್‌ನ ಟೋರಿ ಬಡಾವಣೆಯವರು. ಅಲ್ಲಿ 500ಕ್ಕೂ ಹೆಚ್ಚು ಮನೆಗಳಿಗೆ ಈ ಹಲಗೆಯ ಚಾವಣಿ. ಅವನ್ನು ಕೆಡವಲು 2024ರ ಆಗಸ್ಟಿನಲ್ಲಿ ನಗರಾಡಳಿತ ತೀರ್ಮಾನಿಸಿತು. ಬಾಡಿಗೆದಾರರಿಗೆ ಬೇರೆ ಮನೆ ಸಿಗುತ್ತದೆ. ಆದರೆ ಹಿಂದೆ ನಗರಾಡಳಿತವೇ ಮಾರಿದ್ದ ಮನೆಯನ್ನು ಸಾಲ ಮಾಡಿ ಕೊಂಡವರಿಗೆ, ದೋಷವಿರುವ ಮನೆಗೆ ಇಂದು ಎಷ್ಟು ಬೆಲೆಯೋ ಅಷ್ಟೇ ಕೊಡುತ್ತೇವೆ ಎಂಬ ಉತ್ತರ ಬಂತು. ದೋಷ ಕಟ್ಟಿದವರದ್ದು, ನಷ್ಟ ನಂಬಿ ಕೊಂಡವರದ್ದು. ಶಾಲೆ, ಆಸ್ಪತ್ರೆಗಳಿಗೆ ಸಿಕ್ಕ ರಾಷ್ಟ್ರೀಯ ಕಾರ್ಯಕ್ರಮ ಈ ಮನೆಗಳಿಗೆ ಸಿಗದೇ ಹೋದದ್ದು ಈ ಲೆಕ್ಕದಲ್ಲಿ ಎದ್ದು ಕಾಣುವ ಬಾಕಿ.

ಇನ್ನು ನಮ್ಮ ಕಡೆ. ಮೊದಲು ಒಂದು ಗೊಂದಲ ತಿಳಿಯಾಗಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಂದು ವ್ಯಾಪಕವಾಗಿ ಬಳಸುವ ಬಿಳಿ ಎಎಸಿ ಬ್ಲಾಕು ಇದೇ ಕುಲದ್ದು. ಆದರೆ ಅದರಲ್ಲಿ ಕಂಬಿಯಿಲ್ಲ. ಕಂಬ, ತೊಲೆಗಳ ನಡುವಿನ ಗೋಡೆ ತುಂಬುವುದಷ್ಟೇ ಅದರ ಕೆಲಸ, ತಲೆಯ ಮೇಲಿನ ಭಾರ ಹೊರುವುದಿಲ್ಲ. ಬ್ರಿಟನ್ನಿನ ಸುದ್ದಿ ಓದಿ ಮನೆಯ ಗೋಡೆಗೆ ಹೆದರಬೇಕಿಲ್ಲ. ಕಂಬಿಯಿರುವ ಚಾವಣಿ ಹಲಗೆಗಳ ವಿಚಾರ ಬೇರೆ. ಅವುಗಳಿಗೆ ನಮ್ಮಲ್ಲೂ 1971ರಲ್ಲೇ ಐಎಸ್ 6073 ಎಂಬ ಮಾನಕ ರೂಪುಗೊಂಡಿದೆ. ಪುಣೆಯಲ್ಲಿ 1970ರ ದಶಕದಿಂದ ಸಿಪೊರೆಕ್ಸ್ ಹೆಸರಿನಲ್ಲಿ ಈ ಬಗೆಯ ಕಾಂಕ್ರೀಟು ತಯಾರಾಗಿದೆ. ಆ ಕಾಲದ ಪೂರ್ವನಿರ್ಮಿತ ಚಾವಣಿಯ ಕಟ್ಟಡಗಳ ಒಡೆಯರು ಹಳೆಯ ನಕ್ಷೆ ಹೊರತೆಗೆದು ಮೇಲಿರುವುದು ಏನೆಂದು ನೋಡುವುದು ಒಳ್ಳೆಯದು. ಕೆಳಗಿನಿಂದ ನೋಡಿದಾಗ ಸುಮಾರು ಎರಡು ಅಡಿಗೊಂದರಂತೆ ಸಾಲುಸಾಲು ಸಂದು ಕಂಡರೆ, ಸ್ಕ್ರೂಡ್ರೈವರ್ ಒತ್ತಿದಲ್ಲಿ ಇಳಿದರೆ ಎಂಜಿನಿಯರನ್ನು ಕರೆಸಿ.

ನಮ್ಮ ದೊಡ್ಡ ಚಿಂತೆ ಅದಲ್ಲ, ಮಾಮೂಲಿ ಆರ್‌ಸಿಸಿ ಚಾವಣಿಯದ್ದು. ಹಳೆಯ ಸರಕಾರಿ ಶಾಲೆ, ಆರೋಗ್ಯ ಕೇಂದ್ರ, ನೌಕರರ ವಸತಿಗೃಹ ಯಾವುದಕ್ಕೇ ಹೋಗಿ: ಸೋರಿದ ಕಲೆ, ಉಬ್ಬಿದ ಗಾರೆ, ಹೊರಗೆ ಇಣುಕುವ ತುಕ್ಕುಗಂಬಿ. ಅಲ್ಲಿಯ ಆರ್‌ಎಎಸಿ ಸದ್ದಿಲ್ಲದೆ ಬೀಳುತ್ತದೆ. ನಮ್ಮ ಆರ್‌ಸಿಸಿ ವರ್ಷಗಟ್ಟಲೆ ಹೇಳಿ ಹೇಳಿ ಬೀಳುತ್ತದೆ. ಬ್ರಿಟನ್ನಿಗೆ ಕೊಂಚವಾದರೂ ನೆಪವಿತ್ತು, ನಮಗೆ ಅದೂ ಇಲ್ಲ. 2021ರ ಸೆಪ್ಟೆಂಬರಿನ ಕೊನೆಯಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೆಟ್ರೊ ಕಾರ್ಮಿಕರಿದ್ದ ಹಳೆಯ ಕಟ್ಟಡ ಕುಸಿಯಿತು. ವಾಲಿದ್ದು ಕಂಡು ಮೊದಲೇ ಎಲ್ಲರೂ ಹೊರಬಂದಿದ್ದರು. ಮರುದಿನ ಡೇರಿ ವೃತ್ತದ ಬಳಿ ಹಾಲು ಮಹಾಮಂಡಳದ ವಸತಿಗೃಹದ ಸರದಿ. ಅಲ್ಲೂ ಜೀವ ಉಳಿಯಿತು. ಪಾಲಿಕೆ ಶಿಥಿಲ ಕಟ್ಟಡಗಳ ಸಮೀಕ್ಷೆಗೆ ಹೊರಟಿತು, ಪತ್ರಿಕೆಗಳು ಕೆಲವು ದಿನ ಬರೆದವು, ಮಳೆ ನಿಂತ ಮೇಲೆ ಮಾತೂ ನಿಂತಿತು. ಗ್ರೇವ್ಸೆಂಡ್‌ನಲ್ಲಿ ನಡೆದದ್ದೂ ಇದೇ ಅಲ್ಲವೇ?

ಅದೃಷ್ಟ ಪ್ರತಿ ಸಲ ಬರುವುದಿಲ್ಲ. 2025ರ ಜುಲೈ 25ರ ಬೆಳಿಗ್ಗೆ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯ ಸರಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಕಟ್ಟಡ ಬೇರೆ ಬಗೆಯದು, ಕಾರಣ ಬೇರೆ. ಆದರೆ ಮೇಲಿಂದ ಚೂರುಗಳು ಉದುರುತ್ತಿವೆ ಎಂದು ಮಕ್ಕಳು ಮೊದಲೇ ಹೇಳಿದ್ದರೆಂದು ವರದಿಯಾಯಿತು. ಅಂದು ಶುಕ್ರವಾರ, ಶಾಲೆಯಿತ್ತು. ಮರುದಿನವೇ ದೇಶದ ಎಲ್ಲ ಶಾಲೆಗಳ ಸುರಕ್ಷತಾ ತಪಾಸಣೆಗೆ ಕೇಂದ್ರದ ಸೂಚನೆ ಹೊರಟಿತು. ಏಳು ಮಕ್ಕಳು ಸತ್ತ ಮರುದಿನ ಹೊರಡಿಸಬಹುದಾದ ಸೂಚನೆಯನ್ನು ಹಿಂದಿನ ದಿನ ಹೊರಡಿಸಲು ಏನು ಅಡ್ಡಿಯಿತ್ತು?

ಬ್ರಿಟನ್ನಿನ ಅನುಭವದಿಂದ ನಾವು ತೆಗೆದುಕೊಳ್ಳಬೇಕಾದವು ಮೂರು. ಪ್ರತಿ ಸಾರ್ವಜನಿಕ ಕಟ್ಟಡಕ್ಕೂ ಒಂದು ದಾಖಲೆ ಇರಬೇಕು: ಕಟ್ಟಿದ ವರ್ಷ, ಚಾವಣಿಯ ಬಗೆ, ಕೊನೆಯ ತಪಾಸಣೆಯ ದಿನಾಂಕ, ತಪಾಸಣೆ ಮಾಡಿದ ಎಂಜಿನಿಯರನ ಹೆಸರು. ಅದು ಬಿಇಒ ಕಚೇರಿಯ ಬೀರುವಿನಲ್ಲಿದ್ದರೆ ಸಾಲದು, ಶಾಲೆಯ ಗೋಡೆಯ ಮೇಲಿರಬೇಕು. ಎರಡನೆಯದು, ದುರಸ್ತಿಯ ಹಣ ಹೊಸ ಕೊಠಡಿಯ ಹಣದ ಜೊತೆ ಪೈಪೋಟಿಗೆ ಬೀಳಬಾರದು. ಹೊಸ ಕೊಠಡಿಗೆ ಉದ್ಘಾಟನೆಯ ಫಲಕವಿದೆ, ಸೋರಿಕೆ ನಿಲ್ಲಿಸಿದ್ದಕ್ಕೆ ಫಲಕ ಹಾಕುವವರಿಲ್ಲ. ಹಾಗಾಗಿ ಪೈಪೋಟಿಯಲ್ಲಿ ದುರಸ್ತಿ ಸದಾ ಸೋಲುತ್ತದೆ. ಮೂರನೆಯದು, ಮಳೆಗಾಲಕ್ಕೆ ಮುಂಚೆ ತಾರಸಿಯ ಮೋರಿ ಬಿಡಿಸುವುದು. ಕಾಂಕ್ರೀಟು ಯಾವ ಬಗೆಯದಾದರೂ ಅದರ ಮೊದಲ ಶತ್ರು ನಿಂತ ನೀರು. ಈ ಕೆಲಸಕ್ಕೆ ಟೆಂಡರು ಬೇಕಿಲ್ಲ.

ಎಸ್‌ಡಿಎಂಸಿ ಸದಸ್ಯರಲ್ಲಿ, ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಸಭೆಯಲ್ಲಿ ಈ ಚಾವಣಿ ಯಾವ ವರ್ಷದ್ದು, ಕೊನೆಯ ಸಲ ಯಾರು ನೋಡಿದ್ದು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಸರಕಾರಕ್ಕೆ ಹೇಳಬೇಕಾದದ್ದು ಇನ್ನೂ ಚಿಕ್ಕದು. ಯಾರೂ ಸಾಯದ ಪ್ರತಿ ಕುಸಿತವನ್ನೂ ಸಾವು ಸಂಭವಿಸಿದ ಕುಸಿತದಂತೆಯೇ ತನಿಖೆ ಮಾಡಿ, ವರದಿಯನ್ನು ಜನರ ಮುಂದಿಡಿ, ಮುಂದಿನ ಬಜೆಟ್ಟಿನಲ್ಲೇ ಅದಕ್ಕೆ ಹಣ ತೆಗೆದಿಡಿ.